ಜ್ಯೇಷ್ಠದ ಮೇಲೆ ನಿಂತ ಕೆಂಪು ಗೆರೆ

ಅಂಕಿ ಕೊಟ್ಟರೆ ನಕ್ಷೆ ಬಿಡಿಸಿ ಕೊಡುವ ತಂತ್ರಾಂಶ ಶಿರೋಮಣಿ, ಏಕಾಕ್ಷರ ನಾಮಧೇಯ, ಶ್ರೀಮದ್ ‘ಆರ್’ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಅಕ್ಕಲಕೋಟದ ನಿವೃತ್ತ ಗಣಿತ ಮಾಸ್ತರ ಸಿದ್ದಣ್ಣನ ಸಾಷ್ಟಾಂಗ ನಮಸ್ಕಾರಗಳು. ತಾವು ಬಿಟ್ಟಿಯಾಗಿ ನನ್ನ ಲ್ಯಾಪ್‌ಟಾಪಿನೊಳಗೆ ಬಂದು ನೆಲೆಸಿ ಎರಡು ವರ್ಷವಾಯಿತು. ಬಾಡಿಗೆ ಕೇಳಿಲ್ಲ, ಚಹಾ ಕೇಳಿಲ್ಲ, ತಪ್ಪಾದಾಗ ಕೆಂಪು ಅಕ್ಷರಗಳಲ್ಲಿ ಬೈಯುವುದನ್ನು ಬಿಟ್ಟರೆ ನನ್ನೊಡನೆ ಬೇರೆ ಮಾತೂ ಆಡಿಲ್ಲ. ಇಂಥ ಸಂಭಾವಿತರ ಮೇಲೆ ದೂರು ಬರೆಯಬೇಕಾಗಿ ಬಂದದ್ದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ.

ನನ್ನ ಹಳೆಯ ಶಿಷ್ಯ ಶಿವಶರಣಪ್ಪನಿಗೆ ಸೊಲ್ಲಾಪುರದಲ್ಲಿ ಶೇಂಗಾ ಚಟ್ನಿಯ ಅಂಗಡಿ ಇದೆ. ಕಮಟು ಹಿಡಿದಿದೆ ಎಂದು ಗಿರಾಕಿಗಳು ಮರಳಿಸಿದ ಡಬ್ಬಿ ಎಷ್ಟೆಂಬುದನ್ನು ಅವನು ಅಜ್ಜನ ಕಾಲದ ಪದ್ಧತಿಯಂತೆ ಪಂಚಾಂಗದ ತಿಂಗಳುವಾರು ಬರೆದಿಡುತ್ತಾನೆ. ಹೋದ ಶ್ರಾವಣದಲ್ಲಿ ಮಿಕ್ಸರನ್ನು ಮೂಲೆಗೆ ಸರಿಸಿ, ನಂದೇಶ್ವರದ ಸೋಮವ್ವ ಒರಳು ಒನಕೆ ಹಿಡಿದು ಚಟ್ನಿ ಕುಟ್ಟತೊಡಗಿದ ಮೇಲೆ ಡಬ್ಬಿ ಮರಳುವುದು ಕಡಿಮೆಯಾಯಿತೇ ಎಂದು ತಿಳಿಯುವ ಆಸೆ ಅವನಿಗೆ. ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ ನಿಲ್ಲಿಸಿ, ಅವಳು ಬಂದ ತಿಂಗಳ ಮೇಲೆ ಒಂದು ಕೆಂಪು ಗೆರೆ ನೆಟ್ಟಗೆ ಎಳೆದುಕೊಡಿ ಎಂದು ತಮ್ಮನ್ನು ಬೇಡಿಕೊಂಡೆ.

ಕಂಬಕ್ಕಿಂತ ಮುಂಚೆ ಗೆರೆ ಕೇಳಿದ್ದಕ್ಕೆ ತಾವು ಮೊದಲು ಸಿಟ್ಟಾದಿರಿ. ತಮ್ಮ ಒಳಮನೆಯಲ್ಲಿ ತಿಂಗಳ ಹೆಸರಿಗೆ ಬೆಲೆಯಿಲ್ಲ, ಒಂದು, ಎರಡು, ಮೂರು ಎಂಬ ಜಾಗಕ್ಕಷ್ಟೇ ಬೆಲೆ ಎಂದು ನಾನು ತಿಳಿದುಕೊಂಡೆ. ಎರಡೂವರೆಯಲ್ಲೂ ಗೆರೆ ಎಳೆಯುವ ಔದಾರ್ಯ ತಮ್ಮದು! ಪಂಚಾಂಗದವರಿಗೆ ಒಂದು ಅಧಿಕ ಮಾಸ ಹುಟ್ಟಿಸಲು ಹೆಚ್ಚುಕಡಿಮೆ ಮೂರು ವರ್ಷ ಬೇಕು, ತಾವೋ ಎರಡು ತಿಂಗಳ ನಡುವೆ ಬೇಕಾದಷ್ಟು ಹುಟ್ಟಿಸುತ್ತೀರಿ. ನಾನು ಚೈತ್ರ, ವೈಶಾಖ ಎಂದು ಬೆರಳು ಮಡಿಚಿ ಎಣಿಸಿ, ಶ್ರಾವಣ ಐದನೆಯದಾದ್ದರಿಂದ ‘ಐದು’ ಎಂದು ಬರೆದುಕೊಟ್ಟೆ.

ಆದರೆ ತಾವು ಯುಗಾದಿ ಕಾಣದವರು. ತಿಂಗಳುಗಳನ್ನು ಹಾಜರಿ ಪಟ್ಟಿಯ ಮಕ್ಕಳಂತೆ ಅಕ್ಷರಮಾಲೆಯ ಸಾಲಿನಲ್ಲಿ ನಿಲ್ಲಿಸಿದಿರಿ. ಆಶ್ವಯುಜ ಎಲ್ಲಕ್ಕೂ ಮೊದಲು, ಆಷಾಢ ಅದರ ಬೆನ್ನಿಗೆ, ಶ್ರಾವಣ ಕಟ್ಟಕಡೆಗೆ. ಐದನೆಯ ಜಾಗಕ್ಕೆ ಬಂದದ್ದು ಜ್ಯೇಷ್ಠ, ಅಂದರೆ ಸೋಮವ್ವ ಬರುವ ಮುಂಚೆ, ಮಿಕ್ಸರಿನ ಆಳ್ವಿಕೆಯಲ್ಲಿ, ನಲವತ್ತೊಂದು ಡಬ್ಬಿ ಮರಳಿದ ಅತಿ ಎತ್ತರದ ಕಂಬ. ಅದರ ನೆತ್ತಿ ಸೀಳಿಕೊಂಡು ತಮ್ಮ ಕೆಂಪು ಗೆರೆ ನಿಂತಿತು. ಹೇಳಿದ ಜಾಗ ಕೂದಲೆಳೆಯಷ್ಟೂ ತಪ್ಪಲಿಲ್ಲ, ಭೇಷ್! ನಾನೋ ಕೆಳಗಿನ ಹೆಸರುಗಳನ್ನು ಓದದೆ ಅದನ್ನು ಹಾಗೆಯೇ ಅಂಗಡಿಗೆ ಕಳಿಸಿಬಿಟ್ಟೆ.

ಶಿವಶರಣಪ್ಪ ಮನೆಯಲ್ಲಿ ಕನ್ನಡ ಆಡಿದರೂ ಓದುವುದು ಮರಾಠಿ. ಕೆಳಗಿನ ತಿಂಗಳ ಹೆಸರುಗಳ ಗೊಡವೆಗೆ ಹೋಗಲಿಲ್ಲ. ಕೆಂಪು ಗೆರೆ ಸೋಮವ್ವನದು ಎಂದು ನಾನು ಫೋನಿನಲ್ಲಿ ಹೇಳಿದ್ದಷ್ಟೇ ಅವನಿಗೆ ಸಾಕಾಯಿತು, ಅವಳು ಬಂದ ತಿಂಗಳೇ ಎಲ್ಲಕ್ಕಿಂತ ಹೆಚ್ಚು ಡಬ್ಬಿ ಮರಳಿವೆ ಎಂದುಕೊಂಡ. ಮರುದಿನವೇ ಅವಳನ್ನು ಒರಳಿನಿಂದ ಎಬ್ಬಿಸಿ ಡಬ್ಬಿಗಳಿಗೆ ಲೇಬಲ್ ಅಂಟಿಸಲು ಕೂಡಿಸಿದ, ತಿಂಗಳು ಮುಗಿದ ಮೇಲೆ ಊರಿಗೆ ಹೋಗು ಎಂದೂ ಹೇಳಿದ. ಮಿಕ್ಸರು ಮತ್ತೆ ಗುರ್ ಎಂದಿತು.

ಹನ್ನೊಂದು ದಿನದ ಮೇಲೆ ನಾನು ಅಂಗಡಿಗೆ ಹೋದಾಗ, ಸೋಮವ್ವ ಅಂಟು ಮೆತ್ತಿದ ಕೈಯಲ್ಲೇ ಆ ನಕ್ಷೆ ತಂದು, ಗೆರೆ ಯಾವ ತಿಂಗಳ ಮೇಲಿದೆ ಓದಿ ಹೇಳಿ ಎಂದಳು. ಓದಿದೆ. “ಜ್ಯೇಷ್ಠದಾಗ ನಾ ಇಲ್ಲೆಲ್ಲಿದ್ದೆನ್ರಿ ಮಾಸ್ತರ? ಕಾರಹುಣ್ಣಿಮಿಗೆ ನಮ್ಮೂರಾಗ ಎತ್ತಿನ ಕೋಡಿಗೆ ಬಣ್ಣ ಹಚ್ಚಾಕತ್ತಿದ್ದೆ. ಇಲ್ಲಿಗಿ ಬಂದಿದ್ದು ಪಂಚಮಿ ಉಂಡಿ ತಿಂದ ಮ್ಯಾಲ” ಎಂದಳು. ಮೂವತ್ತೊಂದು ವರ್ಷ ಗಣಿತ ಕಲಿಸಿದವನಿಗೆ ನಾಚಿಕೆಯಾಯಿತು, ಮಾನ್ಯರೇ. ಅವಳ ಮುಖ ನೋಡಲಾಗದೆ ಡಬ್ಬಿಗಳನ್ನು ನೋಡುತ್ತ ನಿಂತೆ.

ಆದ್ದರಿಂದ ತಾವು ಖುದ್ದಾಗಿ ಸೊಲ್ಲಾಪುರದ ಬಸ್ಸು ಹತ್ತಿ, ಸೀಟು ಸಿಗದಿದ್ದರೆ ನಿಂತುಕೊಂಡಾದರೂ ಬಂದು, ಸೋಮವ್ವನ ಕ್ಷಮೆ ಕೇಳಬೇಕು. ಬರುವ ಯುಗಾದಿಗೆ ಬೇವು ಬೆಲ್ಲ ತಿಂದು ಚೈತ್ರವೇ ಮೊದಲು ಎಂದು ಬಾಯಿಪಾಠ ಮಾಡಬೇಕು. ಇನ್ನು ಮುಂದೆ ಯಾವನಾದರೂ ಮುದುಕ ‘ಐದು’ ಎಂದು ಬರೆದರೆ, ಎಲ್ಲಿಂದ ಐದು ಮಾಸ್ತರೇ ಎಂದು ಒಮ್ಮೆಯಾದರೂ ಕೇಳಬೇಕು. ಬರಲಾಗದಿದ್ದರೆ ಇರಲಿ ಬಿಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಿಂಗಳುಗಳ ಸಾಲನ್ನು ಮೊದಲೇ ಹೇಳಿಕೊಟ್ಟಿದ್ದರೆ ತಾವು ತಲೆಬಾಗಿ ಪಾಲಿಸುತ್ತಿದ್ದಿರಿ, ಹೇಳಿಕೊಡದೆ ಐದು ಎಂದು ಬರೆದ ಕೈ ನನ್ನದು. ಹಾಗೆಂದು ಶಿವಶರಣಪ್ಪನೆದುರು ಒಪ್ಪಿಕೊಂಡು ಹೊಸ ನಕ್ಷೆ ಕೊಟ್ಟಿದ್ದೇನೆ. ಅದರಲ್ಲಿ ಗೆರೆ ಶ್ರಾವಣದ ಮೇಲಿದೆ, ಆಚೆಯ ಕಂಬಗಳೆಲ್ಲ ಕುಳ್ಳಾಗಿವೆ.

ಇಷ್ಟಾದರೂ ಬೇರೆ ಗತಿಯಿಲ್ಲದ ತಮ್ಮ ವಿಶ್ವಾಸಿ,
ಸಿದ್ದಣ್ಣ ಮಾಸ್ತರ, ಅಕ್ಕಲಕೋಟ

ತಾ.ಕ.: ಸೋಮವ್ವ ಒರಳಿಗೆ ಮರಳಿದ್ದಾಳೆ, ಲೇಬಲ್ ಅಂಟಿಸಲು ಶಿವಶರಣಪ್ಪನೇ ಕೂಡುತ್ತಾನೆ. ನಾನು ಚಟ್ನಿ ಕೇಳಿದರೆ ಗಿರಾಕಿಗಳೆದುರಿಗೇ ಹನ್ನೆರಡೂ ತಿಂಗಳು ಒಪ್ಪಿಸಲು ಹಚ್ಚಿ, ಫಾಲ್ಗುಣ ಮುಗಿದ ಮೇಲೆಯೇ ಡಬ್ಬಿ ಕೈಗಿತ್ತಳು. ತಾವು ಬರುವುದಾದರೆ ಕಲಿತುಕೊಂಡೇ ಬನ್ನಿ. ಹನ್ನೊಂದು ದಿನದ ಮಿಕ್ಸರಿನ ಚಟ್ನಿ ಇನ್ನೂ ಉಳಿದಿದೆ, ಆಶ್ವಯುಜದಿಂದ ಶುರುಮಾಡುವವರಿಗೆಂದೇ ಅವಳು ಅದನ್ನು ತೆಗೆದಿಟ್ಟಿದ್ದಾಳೆ.