ಮಾವನ ರೀಲುಗಳು

ನಮ್ಮ ಸೋದರಮಾವನ ಮುಂದೆ ಸಾಕ್ಷಾತ್ ಶಿವನೇ ಬಂದು ನಿಂತರೂ ಆತ ವರ ಕೇಳುವುದಿಲ್ಲ. "ಆ ಹಾವು ಹಂಗ್ಯಾಕ ಹಾಕ್ಕೊಂಡೀರಿ ಸ್ವಾಮಿ, ಗಂಟು ಬಿದ್ದೀತು. ತಡೀರಿ, ಒಂದು ರೀಲಿಗೆ ಸುತ್ತಿ ಕೊಡ್ತೀನಿ" ಎನ್ನುತ್ತಾನೆ! ನಗಬೇಡಿ. ಉತ್ಪ್ರೇಕ್ಷೆ ಅನ್ನಿಸಿದರೆ ಕುಷ್ಟಗಿಯಲ್ಲಿರುವ ಅವನ ಅಂಗಡಿಗೆ ಒಮ್ಮೆ ಹೋಗಿ ಬನ್ನಿ.

ಹಗ್ಗ, ವೈರು, ದಾಳಿಂಬೆ ತೋಟಕ್ಕೆ ಬೇಕಾದ ಡ್ರಿಪ್ ಪೈಪು ಮಾರುವ ಅಂಗಡಿ ಅದು. ಬೇರೆಯವರ ಅಂಗಡಿಯಲ್ಲಿ ಇವೆಲ್ಲ ಮೂಲೆಯಲ್ಲಿ ಬಿದ್ದಿರುತ್ತವೆ. ಮಾವನಲ್ಲಿ ಮಾತ್ರ ಸೈಕಲ್ ರಿಮ್ಮು, ಕೆಟ್ಟ ಫ್ಯಾನು, ಮುರಿದ ಸ್ಟೂಲು ಎಲ್ಲವೂ ರೀಲಿನ ಅವತಾರ ಎತ್ತಿ ಸಾಲಾಗಿ ನೇತಾಡುತ್ತವೆ. ತುದಿ ಹಿಡಿದು ಎಳೆದರೆ ಗರ್ರನೆ ತಿರುಗಿ, ಬೇಕಾದಷ್ಟನ್ನೇ ಬಿಟ್ಟು ನಿಲ್ಲುತ್ತವೆ. ಅಷ್ಟಕ್ಕೇ ಮುಗಿದಿದ್ದರೆ ಮಾವ ಶಾಣ್ಯಾ ಅನ್ನಿಸಿಕೊಳ್ಳುತ್ತಿದ್ದ. ಹಗ್ಗ ಕೊಳ್ಳಲು ಬಂದ ರೈತನಿಗೇ ಅಡ್ಡಪ್ರಶ್ನೆ!

"ಮನ್ಯಾಗ ಹಗ್ಗ ಎದಕ್ಕ ಸುತ್ತಿಡ್ತೀಯಪಾ?"

"ಗ್ವಾಡಿಗೆ ಮೊಳಿ ಐತ್ರಿ, ಅದಕ್ಕ ಹಾಕ್ತೀನ್ರಿ."

"ಮೊಳಿಗೆ? ಹಂಗಾರ ನಾ ಹಗ್ಗ ಕೊಡಂಗಿಲ್ಲ, ನಡಿ!"

ರೈತ ನೆಟ್ಟಗೆ ಎದುರಿನ ಅಂಗಡಿಗೆ ನಡೆದ. ಅಂಗಡಿಯ ಹಿಂದೆಯೇ ಮನೆ, ಅತ್ತೆ ಅಲ್ಲಿಂದಲೇ ಕೂಗಿದಳು: "ಹಗ್ಗ ಛಲೋ ಸುತ್ತೀರಿ. ಗಿರಾಕಿನ್ನ ಸುತ್ತಿಡೋ ರೀಲು ಒಂದು ಮಾಡ್ರಿ, ಪುಣ್ಯಾ ಬರ್ತೈತಿ!"

ಒಂದು ಬೇಸಿಗೆಯಲ್ಲಿ ಅತ್ತೆ ಹಸಿ ಶಾವಿಗೆಯನ್ನು ಕೋಲಿನ ಮೇಲೆ ಇಳಿಬಿಟ್ಟು ಒಣಗಿಸುತ್ತಿದ್ದಳು. ಎಳೆಗಳು ಗಾಳಿಗೆ ತೂಗಾಡುವುದನ್ನು ಮಾವನಿಗೆ ನೋಡಲಾಗಲಿಲ್ಲ. ಕಟ್ಟಿಗೆಯ ರೀಲು ತಂದು, ಶಾವಿಗೆಯನ್ನೆಲ್ಲ ಅದಕ್ಕೆ ಸುತ್ತಿ ಬಿಸಿಲಿಗಿಟ್ಟ. ಸಂಜೆಗೆ ನೋಡಿದರೆ ರೀಲು, ಶಾವಿಗೆ ಎರಡೂ ಒಂದೇ ಜೀವ! ಅತ್ತೆ ಸೀದಾ ಹೋಗಿ ಸುತ್ತಿಗೆ ತಂದಳು. ಅವತ್ತು ನಾವು ಉಂಡದ್ದು ಶಾವಿಗೆಯೋ ಕಟ್ಟಿಗೆಯ ಪುಡಿಯೋ, ಆ ದೇವರಿಗೇ ಗೊತ್ತು. ಮಾವ ಮಾತ್ರ ಎರಡನೇ ಸಲ ನೀಡಿಸಿಕೊಂಡ.

ಅಂಥ ಅತ್ತೆಗೆ ಈಗ ಉಸಿರಿನ ಬೇನೆ. ಹೇಳುವಾಗ ಸಂಕಟವಾಗುತ್ತದೆ. ಶ್ವಾಸಕೋಶ ಗಟ್ಟಿಯಾಗುತ್ತಿದೆ, ಮತ್ತೆ ಮೊದಲಿನಂತಾಗುವುದಿಲ್ಲ ಎಂದು ಕೊಪ್ಪಳದ ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಮಲಗುವ ಕೋಣೆಯಲ್ಲಿ ಆಕ್ಸಿಜನ್ ಮಿಷನ್ನು ಸದಾ ಗುರ್ ಎನ್ನುತ್ತಿರುತ್ತದೆ. ಅದರಿಂದ ಅತ್ತೆಯ ಮೂಗಿಗೆ ಒಂದು ಉದ್ದನೆಯ ಸಣ್ಣ ಪೈಪು. ಅದು ಕುರ್ಚಿಯ ಕಾಲಿಗೆ ಸಿಕ್ಕರೂ ಕಷ್ಟ, ಬಾಗಿಲ ಸಂದಿಯಲ್ಲಿ ಮಡಚಿಕೊಂಡರೂ ಕಷ್ಟ. ಅತ್ತೆಗಾದರೋ ಇರುವುದು ಒಂದೇ ಆಸೆ: ಸಂಜೆ ಓಣಿಯ ಕಡೆಗಿನ ಕಟ್ಟೆಗೆ ಹೋಗಿ, ಎದುರುಮನೆಯ ಫಾತಿಮಾಬಿಯ ಜೊತೆ ಒಂದು ಗಳಿಗೆ ಕೂತು ಬರಬೇಕು.

"ಬರೇ ಪೈಪೇನ? ಇದಕ್ಕ ನಾ ಅದೀನಲ್ಲ!" ಎಂದ ಮಾವ. ತನ್ನ ಬುದ್ಧಿಯೆಲ್ಲ ಖರ್ಚು ಮಾಡಿ ಕೋಣೆಯ ಬಾಗಿಲಿಗೆ ಒಂದು ರೀಲು ನಿಲ್ಲಿಸಿದ. ಅತ್ತೆ ನಡೆದಂತೆ ಪೈಪು ಬಿಚ್ಚಿಕೊಳ್ಳಬೇಕು, ಮರಳಿದಂತೆ ಸುತ್ತಿಕೊಳ್ಳಬೇಕು. ನಾನೂ ನೋಡಲು ಹೋಗಿದ್ದೆ. ಅತ್ತೆ ಎದ್ದಳು, ರೀಲು ತಿರುಗಿತು, ನಾನು ಚಪ್ಪಾಳೆ ತಟ್ಟಿದೆ. ಪೈಪಿನ ಇನ್ನೊಂದು ತುದಿ ಮಿಷನ್ನಿಗೆ ಗಟ್ಟಿಯಾಗಿ ಕೂತಿದೆ, ರೀಲು ತಿರುಗಿದಷ್ಟೂ ಪೈಪು ಹುರಿಯಾಗಿ ಗಾಳಿ ಕಟ್ಟುತ್ತದೆ ಎಂಬುದು ನಮ್ಮ ರೀಲುಶಾಸ್ತ್ರಿಗೆ ಹೊಳೆದೇ ಇರಲಿಲ್ಲ! ಹೊಸಿಲ ಹತ್ತಿರ ಅತ್ತೆ ಗೋಡೆ ಹಿಡಿದು ನಿಂತಳು. ತುಟಿ ನೀಲಿಯಾಗಿತ್ತು. ಮಾವ ಬಿದ್ದೆದ್ದು ಓಡಿ ಹುರಿ ಬಿಡಿಸಿದ. ಆಕೆಗೆ ಉಸಿರು ಬಂದ ಮೇಲೆ ರೀಲನ್ನು ಒದ್ದು ಮುರಿದು, ಅಲ್ಲೇ ಕುಕ್ಕರಿಸಿ ಕೂತು ಮಕ್ಕಳಂತೆ ಅತ್ತ.

ಈಗ ಸಂಜೆಯಾದರೆ ಮಾವ ಅಂಗಡಿಯ ಶಟರ್ ಎಳೆದು ಒಳಗೆ ಬರುತ್ತಾನೆ. ಪೈಪನ್ನು ಸುರುಳಿ ಸುರುಳಿಯಾಗಿ ತನ್ನ ಮೊಳಕೈಗೆ ಹಾಕಿಕೊಂಡು ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಅತ್ತೆ ಹೆಜ್ಜೆ ಇಟ್ಟಂತೆ ಒಂದೊಂದೇ ಸುರುಳಿ ಬಿಡುತ್ತಾನೆ.

"ಮಾಮಾ, ಕುರ್ಚಿಗಾದ್ರೂ ಹಾಕು, ಕೈ ಸೋಲ್ತಾವು" ಎಂದೆ.

"ಕುರ್ಚಿಗೇನ್ ತಿಳೀತೈತಿ? ಆಕಿ ದಮ್ಮು ಹತ್ತಿ ನಿಂತ್ರ ಪೈಪು ಜಗ್ಗೂದು ನಿಲ್ತೈತಿ. ಕೈಯಾಗ ಇದ್ರ ನನಗ ಗೊತ್ತಾಗ್ತೈತಿ."

ಮೊದಮೊದಲು ಅತ್ತೆ ಕಟ್ಟೆ ಮುಟ್ಟುವ ಹೊತ್ತಿಗೆ ಮಾವನ ಮೊಳಕೈ ಖಾಲಿಯಾಗುತ್ತಿತ್ತು. ಈಗೀಗ ಸುರುಳಿಗಳು ಉಳಿಯುತ್ತವೆ. ಮೊನ್ನೆ ನಾನು ಹೋದಾಗ ಅತ್ತೆ ಪಡಸಾಲೆಯ ನಡುವೆಯೇ ನಿಂತುಬಿಟ್ಟಳು. ಹೊರಗೆ ಕಟ್ಟೆಯ ಮೇಲೆ ಫಾತಿಮಾಬಿ ಕಾಯುತ್ತಿದ್ದಳು.

"ಪೈಪು ಮುಗೀತೇನ್ರಿ?" ಅತ್ತೆ ತಿರುಗದೆಯೇ ಕೇಳಿದಳು.

ಮಾವನ ಮೊಳಕೈ ತುಂಬ ಸುರುಳಿಯಿತ್ತು.

"ಹೂಂ, ಮುಗೀತು ನೋಡು. ಗಿಡ್ಡಂದು ತಂದೀನಿ, ತಪ್ಪು ನಂದ," ಎಂದ ಮಾವ. "ನಾಳಿ ಉದ್ದಂದು ತರ್ತೀನಿ, ಬಾ."