ಅಪ್ಪನ ಕೆನ್ನೆ ಹೋದ ವರ್ಷ

ನಮ್ಮ ಮನೆಯಲ್ಲಿ ಯಾರಾದರೂ ಆರೋಗ್ಯ ಸುಧಾರಿಸಿಕೊಳ್ಳುತ್ತೇನೆ ಎಂದು ಹೊರಟರೆ ಉಳಿದವರು ಕೈಕೆಲಸ ಬಿಟ್ಟು ನೋಡುತ್ತೇವೆ. ಏನಾದರೊಂದು ಆಗದೆ ಇರುವುದಿಲ್ಲ. ಅಮ್ಮ ಒಮ್ಮೆ ಪದ್ಮಾಸನ ಹಾಕಿ ಬಿಡಿಸಿಕೊಳ್ಳಲಾಗದೆ ಪಕ್ಕದ ಮನೆಯವರನ್ನು ಕೂಗಿ ಕರೆಯಬೇಕಾಯಿತು. ಆದರೆ ಅಪ್ಪ ಓಡಲು ಶುರುಮಾಡಿದ ವರ್ಷದ ಮುಂದೆ ಅದು ಏನೂ ಅಲ್ಲ.

ನಮ್ಮದು ಕಾಶಿಯ ಕೇದಾರ ಘಾಟಿನ ಮೇಲಿನ ಗಲ್ಲಿ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪಿಂಡಪ್ರದಾನ ಮಾಡಿಸುವುದು ತಾತನ ಕಾಲದಿಂದ ಬಂದ ಕೆಲಸ. ತಾತನ ಹತ್ತಿರ ಬಂದವರ ಮಕ್ಕಳು ಅಪ್ಪನ ಹತ್ತಿರ ಬರಬೇಕು, ಅದು ರೂಢಿ. ಆದರೆ ಸ್ಟೇಷನ್ನಿನಲ್ಲೇ ಕೈಹಿಡಿದು "ನಿಮ್ಮ ಮನೆತನದ ಪುರೋಹಿತ ನಾನೇ" ಎನ್ನುವವರಿಗೆ ಇಲ್ಲಿ ಬರವಿಲ್ಲ. ಅದಕ್ಕೇ ಊರಿನಿಂದ ಹೊರಡುವವರಿಗೆ ಹಿರಿಯರು ಹೇಳಿ ಕಳಿಸುತ್ತಾರೆ: "ಮುಖ ನೋಡಿಕೊಂಡು ಒಳಗೆ ಹೋಗಿ." ಹಾಗಾಗಿ ಅಪ್ಪನ ವಿಸಿಟಿಂಗ್ ಕಾರ್ಡಿನಲ್ಲಿ ಫೋಟೋ ಇತ್ತು. ಪೂರಿಯ ಹಾಗೆ ಉಬ್ಬಿದ ಎರಡು ಕೆನ್ನೆ, ನಡುವೆ ಇದ್ದಷ್ಟು ಜಾಗದಲ್ಲಿ ಮೂಗು.

ನಾನಾಗ ಕಾಲೇಜಿನಲ್ಲಿದ್ದೆ. ಕಾನ್ವೆಂಟಿನ ಇಂಗ್ಲಿಷ್, ಗಲ್ಲಿಯ ಹಿಂದಿ, ಮನೆಯ ಕನ್ನಡ. ಮೂರೂ ಭಾಷೆಯಲ್ಲಿ ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತಿತ್ತು. ಯಾತ್ರಿಕರಿಗೆ ಕಾಫಿ ಕೊಟ್ಟು ಬಾಗಿಲ ಪರದೆಯ ಹಿಂದೆ ನಿಲ್ಲುತ್ತಿದ್ದೆ. ಇವೆಲ್ಲ ಆ ಪರದೆಯ ಹಿಂದಿನಿಂದ ಕಂಡದ್ದು.

೧. ಕಳ್ಳ ಯಾವ ಕಡೆ?

ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದಾಗ ನಲವತ್ತೊಂಬತ್ತು. ತಾತ ಅದೇ ಕಾಯಿಲೆಯಲ್ಲಿ ಐವತ್ತೆರಡಕ್ಕೆ ಹೋಗಿದ್ದರು. ಡಾಕ್ಟರು "ದಿನಾ ನಡೀರಿ" ಅಂದರು. ಅಪ್ಪ ಮನೆಗೆ ಬಂದು ಐವತ್ತೆರಡರಲ್ಲಿ ನಲವತ್ತೊಂಬತ್ತನ್ನು ಕಳೆದು, ಉಳಿದ ಮೂರನ್ನು ನೋಡಿ, ನಡೆದರೆ ಸಾಲದು ಎಂದು ತೀರ್ಮಾನಿಸಿದರು. ಬಿಳಿ ಕ್ಯಾನ್ವಾಸ್ ಬೂಟು ಬಂತು. ಜುಟ್ಟು, ವಿಭೂತಿ, ಜನಿವಾರ, ಕೆಳಗೆ ನೀಲಿ ಟ್ರ್ಯಾಕ್ ಪ್ಯಾಂಟು.

ಬನಾರಸಿನಲ್ಲಿ ಆಗ ಯಾರೂ ಓಡುತ್ತಿರಲಿಲ್ಲ. ಇಲ್ಲಿ ರೈಲು ಹಿಡಿಯುವವರೂ ಪಾನು ಕಟ್ಟಿಸಿಕೊಂಡೇ ಹೊರಡುವವರು. ಬೆಳಗಾಗುತ್ತಲೇ ಘಾಟಿನ ಮೇಲೆ ಪುರೋಹಿತರೊಬ್ಬರು ಓಡುತ್ತಿದ್ದಾರೆ ಅಂದರೆ ಏನೋ ಕಳುವಾಗಿದೆ ಎಂದೇ ಅರ್ಥ. "ಪಂಡಿತ್‌ಜೀ, ಕೌನ್ ಭಾಗಾ?", ಯಾರು ಓಡಿಹೋದದ್ದು, ಎನ್ನುತ್ತ ಇಬ್ಬರು ನಾವಿಕರು, ಹಾಲಿನವನು ಜೊತೆಗೇ ಓಡಿದರು. ಏದುಸಿರಿನಲ್ಲಿ ಅಪ್ಪನಿಗೆ ಮಾತು ಹೊರಡಲಿಲ್ಲ, ಬಿಟ್ಟುಬಿಡಿ ಎಂದು ಕೈ ಬೀಸಿದರು. ಆ ಕೈ ಅಸ್ಸಿ ಘಾಟಿನ ಕಡೆಗಿತ್ತು. ಮೂವರೂ ಅಪ್ಪನನ್ನು ಹಿಂದೆ ಹಾಕಿ ಅಸ್ಸಿಯವರೆಗೆ ಹೋಗಿ, ಚಹಾ ಅಂಗಡಿಯಲ್ಲಿ ಕೂತಿದ್ದ ಯಾರನ್ನೋ ಹಿಡಿದು ನಿಲ್ಲಿಸಿದ್ದರಂತೆ.

ನಡುದಾರಿಯಲ್ಲಿ ಹರಿಶ್ಚಂದ್ರ ಘಾಟ್. ಅಲ್ಲಿ ಚಿತೆಗೆ ಸೌದೆ ಮಾರುವ ಮುದುಕ ಒಂದು ವಾರ ನೋಡಿ, ಎಂಟನೆಯ ದಿನ ಅಪ್ಪನನ್ನು ತಡೆದು ಹೇಳಿದನಂತೆ, "ಪಂಡಿತ್‌ಜೀ, ನಲವತ್ತು ವರ್ಷದಿಂದ ಇಲ್ಲಿ ಕೂತಿದೀನಿ. ಈ ಕಡೆ ಬರೋಕೆ ಇಷ್ಟು ಅವಸರ ಮಾಡಿದವರನ್ನ ನೋಡಿಲ್ಲ."

೨. ಸಾಯಲು ಬಂದವರು

ನಮ್ಮ ಕೆಳಗಿನ ಕೋಣೆಯಲ್ಲಿ ಗದಗಿನ ಕಡೆಯ ಅಜ್ಜಿಯೊಬ್ಬರಿದ್ದರು. ಕಾಶಿಯಲ್ಲೇ ಪ್ರಾಣ ಬಿಡಬೇಕೆಂದು ಬಂದು ಹನ್ನೆರಡು ವರ್ಷವಾಗಿತ್ತು. ದಿನಕ್ಕೆರಡು ಸಲ ಗಂಗೆಗೆ ಇಳಿದು ಹತ್ತುವುದು. ಆ ಮೆಟ್ಟಿಲು ಅವರನ್ನು ಸಾಯಲು ಬಿಡಲಿಲ್ಲ. ಎಪ್ಪತ್ತನಾಲ್ಕರಲ್ಲೂ ಮುಖ ಬೆಣ್ಣೆಯ ಮುದ್ದೆ.

ಆರು ತಿಂಗಳಲ್ಲಿ ಅಪ್ಪನ ಸಕ್ಕರೆ ಇಳಿಯಿತು, ಹೊಟ್ಟೆ ಇಳಿಯಿತು, ಕೊನೆಗೆ ಕೆನ್ನೆಯೂ ಇಳಿಯಿತು. ಕಣ್ಣು ಒಳಗೆ ಹೋದವು. ಬಾಯಿಯ ಎರಡೂ ಕಡೆ ಗೆರೆ ಬಿದ್ದವು. ದೇಹ ನೋಡಿದರೆ ಮೂವತ್ತೈದು, ಮುಖ ನೋಡಿದರೆ ಅರವತ್ತೈದು.

ಒಂದು ದಿನ ಹೊಸದಾಗಿ ಬಂದ ಯಾತ್ರಿಕರೊಬ್ಬರು ಅಜ್ಜಿಯನ್ನು ಕೇಳಿದರು: "ಭಟ್ರು ಇದಾರಲ್ಲಮ್ಮ, ನಿಮ್ಮ ಅಣ್ಣ, ಅವರು ಯಾವಾಗ ಸಿಗ್ತಾರೆ?"

ಅಜ್ಜಿ ಅಂದು ಇಡೀ ಗಲ್ಲಿಗೆ ಇದನ್ನು ಹೇಳಿಕೊಂಡು ಬಂದರು. ಸಂಜೆ ಅಪ್ಪನನ್ನು ನಿಲ್ಲಿಸಿಕೊಂಡು, "ನಾ ಸಾಯಲಿಕ್ಕೆ ಬಂದಾಕಿ, ನೋಡು ಹೆಂಗದೀನಿ. ನೀ ಬದುಕಲಿಕ್ಕೆ ಓಡಾಕತ್ತೀದಿ, ನೋಡು ಹೆಂಗಾಗೀದಿ! ನಾಳಿಂದ ನೀ ಸಾಯಲಿಕ್ಕಂತ ಓಡು, ನೆಟ್ಟಗಾಗ್ತೀ" ಅಂದರು. ಎರಡು ದಿನ ಅಮ್ಮ ಅವರಿಗೆ ಕಾಫಿ ಕಳಿಸಲಿಲ್ಲ.

೩. ಹೃದಯ ಯಾರಿಗೆ ಕಾಣುತ್ತೆ?

ನಗೆ ನಿಂತದ್ದು ತುಮಕೂರಿನ ಕಡೆಯ ಒಂದು ಕುಟುಂಬ ಬಂದಾಗ. ಹೊಸಲಿನ ಮೇಲೆ ನಿಂತು ಕಾರ್ಡು ನೋಡಿದರು, ಅಪ್ಪನನ್ನು ನೋಡಿದರು, ಮತ್ತೆ ಕಾರ್ಡು ನೋಡಿದರು. "ಇವರಲ್ಲ" ಅಂದರು. ಅಪ್ಪ "ನಾನೇ ಸ್ವಾಮಿ" ಅಂದರು. "ಎಲ್ಲರೂ ಹಾಗೇ ಅಂತಾರೆ" ಎಂದು ಹೊರಟೇ ಹೋದರು. ಅಪ್ಪ ಅಂದು ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು.

ಅಮ್ಮ ನನ್ನನ್ನು ಅಸ್ಸಿಯ ಸೈಬರ್ ಕೆಫೆಗೆ ಅಟ್ಟಿದರು. "ಇಷ್ಟು ಇಂಗ್ಲಿಷ್ ಓದಿದೀಯ, ಕೆನ್ನೆ ವಾಪಸ್ ಬರಿಸೋದು ಹೇಗೆ ಅಂತ ನೋಡ್ಕೊಂಡು ಬಾ." ಅಕ್ಕಪಕ್ಕದವರಿಗೆ ಪರದೆ ಕಾಣದಂತೆ ಬಾಗಿ ಕೂತು ಹುಡುಕಿದೆ. ಬರೆದುಕೊಂಡು ಬಂದದ್ದನ್ನು ಮನೆಯಲ್ಲಿ ಓದಿದೆ: ಬಹಳ ಓಡಿ ತೂಕ ಇಳಿದವರಿಗೆ ಮುಖದ ಕೊಬ್ಬೂ ಕರಗುತ್ತದೆ, ಬಿಸಿಲಿಗೆ ಚರ್ಮ ಒಣಗುತ್ತದೆ, ಅದಕ್ಕೆ ವಯಸ್ಸಾದ ಹಾಗೆ ಕಾಣುತ್ತಾರೆ, ಆದರೆ ಒಳಗೆ ಹೃದಯ ಗಟ್ಟಿಯಾಗುತ್ತದೆ.

ಅಪ್ಪನ ಮುಖ ಅರಳಿತು. "ನೋಡಿದೆಯಾ? ಹೃದಯ!"

"ಹೃದಯ ಯಾರಿಗೆ ಕಾಣುತ್ತೆ?" ಅಂದರು ಅಮ್ಮ. "ಕಾರ್ಡಿನ ಮೇಲೆ ಅದರದ್ದೇ ಫೋಟೋ ಹಾಕಿಸಿ."

೪. ಶಂಖದ ಗುರುತು

ಹಾಲಿನ ಕೆನೆ ಹಚ್ಚಿದ್ದಾಯಿತು, ಬಾದಾಮಿ ಎಣ್ಣೆ ತಿಕ್ಕಿದ್ದಾಯಿತು. ಇರುವೆ ಬಂದವು, ಕೆನ್ನೆ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ಪೂಜೆಯಲ್ಲಿ ಅಪ್ಪ ಶಂಖ ಊದುತ್ತಿದ್ದಾಗ ಅಮ್ಮ ಕೂಗಿದರು, "ಹಾಗೇ ಇರ್ರೀ! ಹಳೇ ಮುಖ ಬಂತು!"

ಗೋದೌಲಿಯಾದ ಒಂದು ಸ್ಟುಡಿಯೋಗೆ ಮೂವರೂ ಶಂಖದ ಸಮೇತ ಹೋದೆವು. ಹೊಸ ಫೋಟೋ, ಆದರೆ ಊರೂರಿಗೆ ಹೋದ ಕಾರ್ಡುಗಳಲ್ಲಿದ್ದ ಹಳೇ ಕೆನ್ನೆಯೇ ಬರಬೇಕು, ಇದು ಅಮ್ಮನ ಷರತ್ತು. ಶಂಖ ಊದಿದರೆ ಕೆನ್ನೆ ಬರುತ್ತಿತ್ತು, ಬಾಯಿ ಮೂಗು ಮರೆಯಾಗುತ್ತಿತ್ತು. ಶಂಖ ತೆಗೆದರೆ ಮೂಗು ಬರುತ್ತಿತ್ತು, ಕೆನ್ನೆ ಹೋಗುತ್ತಿತ್ತು. ಹತ್ತನೆಯ ಸಲಕ್ಕೆ ಬೀದಿಯಲ್ಲಿ ಹೋಗುವವರು ಆರತಿ ಶುರುವಾಯಿತೆಂದು ಒಳಗೆ ಇಣುಕಿ ಕೈಮುಗಿದರು.

ಸ್ಟುಡಿಯೋದವನು ಕ್ಯಾಮೆರಾ ಕೆಳಗಿಟ್ಟ. "ಮಾತಾಜೀ, ಶಂಖದ ಫೋಟೋನೇ ಚೆನ್ನಾಗಿ ಹೊಡೆದುಕೊಡ್ತೀನಿ. ಬರೋ ಯಾತ್ರಿಕರು ಶಂಖದ ಗುರುತೇ ಹಿಡೀಲಿ."

೫. ಮುಖ ನೋಡಿಕೊಂಡು

ಆಗಲೇ ಚಿತ್ರದುರ್ಗದಿಂದ ಫೋನು ಬಂತು. ತಾತನ ಕಾಲದ ಮನೆತನ. ಅಲ್ಲಿಯ ಹಿರಿಯರಿಗೆ ಎಂಬತ್ತು ದಾಟಿದೆ, ತೀರಿಹೋದ ಹೆಂಡತಿಯ ಶ್ರಾದ್ಧಕ್ಕೆ ಮೊಮ್ಮಗನ ಜೊತೆ ಬರುತ್ತಿದ್ದಾರೆ, ಹಿಂದೆ ಬಂದದ್ದು ಮೂವತ್ತು ವರ್ಷದ ಕೆಳಗೆ. ನಮ್ಮಲ್ಲಿಗೆ ಬರುವವರಲ್ಲೆಲ್ಲ ಹಳೆಯ ಮನೆತನ ಅದು.

ಇನ್ನು ಓಡುವುದು ಬಿಡಲೇಬೇಕೆಂದು ಅಮ್ಮ ಪಟ್ಟು ಹಿಡಿದರು. ಅಪ್ಪ ಹೇಳಿದರು, "ಆಯಿತು. ಇವರೂ ಹೊಸಲಿಂದ ತಿರುಗಿ ಹೋದರೆ ಓಡೋದು ಬಿಟ್ಟುಬಿಡ್ತೀನಿ." ಬೂಟನ್ನು ಒರೆಸಿ ಮೂಲೆಯಲ್ಲಿಟ್ಟರು. ನಾನು ಪರದೆಯ ಹಿಂದೆ ನಿಂತು ಐವತ್ತೆರಡು ಎಂಬ ಸಂಖ್ಯೆಯನ್ನು ನೆನೆಯುತ್ತಿದ್ದೆ. ಬಾಯಿಬಿಟ್ಟು "ಬಿಡಬೇಡಿ ಅಪ್ಪ" ಎನ್ನಬೇಕಿತ್ತು. ಅನ್ನಲಿಲ್ಲ.

ಅವರು ಬಂದರು. ಮೊಮ್ಮಗನ ಕೈಯಲ್ಲಿ ಕಾರ್ಡು. ನೋಡಿದ, ಹುಬ್ಬು ಗಂಟಿಕ್ಕಿದ. "ಅಜ್ಜಾ, ಇವರು..." ಎನ್ನುವಷ್ಟರಲ್ಲಿ ಹಿರಿಯರು ಅವನನ್ನು ಪಕ್ಕಕ್ಕೆ ಸರಿಸಿ ಮುಂದೆ ಬಂದರು. ಅಪ್ಪನ ಮುಖದ ಹತ್ತಿರ ಮುಖ ತಂದರು. ಕಣ್ಣಲ್ಲಿ ನೀರು ತುಂಬಿತು.

"ಭಟ್ರೇ! ಅದೇ ಮುಖ! ಮೂವತ್ತು ವರ್ಷದಾಗೆ ಒಂದು ಗೆರೆ ಬದಲಾಗಿಲ್ಲಲ್ರೀ!"

ನನಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅವರು ನೋಡುತ್ತಿದ್ದದ್ದು ತಾತನನ್ನು. ಗೋಡೆಯ ಮೇಲಿನ ಫೋಟೋದಲ್ಲಿ ತಾತನ ಕೆನ್ನೆಯೂ ಹೀಗೇ ಒಳಗೆ ಹೋಗಿತ್ತು. ತಾತನದು ಕಾಯಿಲೆಯಿಂದ ಹೋದದ್ದು, ಅಪ್ಪನದು ಕಾಯಿಲೆಯಿಂದ ತಪ್ಪಿಸಿಕೊಂಡು ಓಡಿ ಹೋದದ್ದು. ಬಂದು ಸೇರಿದ್ದು ಮಾತ್ರ ಒಂದೇ ಮುಖಕ್ಕೆ.

ಅಪ್ಪ "ಅವರು ನಮ್ಮ ತಂದೆ" ಎಂದು ಎರಡು ಸಲ ಹೇಳಿದರು. ಮೊಮ್ಮಗ ಮೆಲ್ಲಗೆ, "ಅಜ್ಜನಿಗೆ ಕಿವಿ ಕೇಳ್ಸಲ್ಲ. ಇರಲಿ ಬಿಡಿ ಸ್ವಾಮಿ, ಅಜ್ಜಿ ಹೋದಮೇಲೆ ನಕ್ಕಿದ್ದು ಇವತ್ತೇ" ಅಂದ.

ಹಿರಿಯರು ಚಾಪೆಯ ಮೇಲೆ ಕೂತರು. "ಎಂಬತ್ತಾಗಿರಬೇಕು ನಿಮಗೆ. ಐವತ್ತರಂಗೆ ಇದೀರಿ! ಏನು ತಿಂತೀರಿ?" ಇಷ್ಟು ತಿಂಗಳು ಮುದುಕ ಎನ್ನಿಸಿಕೊಂಡ ಅಪ್ಪ ತಲೆತಗ್ಗಿಸಿ ನಾಚಿಕೊಂಡರು. ಒಳಗಿಂದ ಅಮ್ಮ ಮೂಲೆಯ ಬೂಟನ್ನು ಕಾಲಿನಿಂದ ಬಾಗಿಲ ಹತ್ತಿರಕ್ಕೆ ತಳ್ಳಿದರು.

"ನಿಮ್ಮ ಮಗ ಒಬ್ಬ ಇದ್ನಲ್ಲ, ಗುಂಡಗೆ, ಮೀಸೆ ಬಂದಿದ್ರೂ ಉಂಡೆ ಕದ್ದು ತಿಂತಿದ್ದ, ಎಲ್ಲಿ ಅವನು?" ಎಂದು ಅವರು ಕೇಳಿದರು.

ಅಪ್ಪ ಅವರ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಹೇಳಿದರು, "ಓಡೋಕೆ ಹೋಗಿದಾನೆ."

"ಬರ್ಲಿ ಬರ್ಲಿ" ಎಂದು ಅವರು ಕಾಫಿಗೆ ಕೈಚಾಚಿದರು. ಆಗ ಅವರ ಕಣ್ಣಿಗೆ ನಾನು ಬಿದ್ದೆ. "ಈ ಹುಡುಗಿ ಯಾರು?"

ಅಪ್ಪ ನನ್ನ ಕಡೆ ನೋಡಿದರು. ಅಮ್ಮ ನೋಡಿದರು. ಮೊಮ್ಮಗನೂ ನೋಡಿದ. ನಾನು ಲೋಟವನ್ನು ಅವರ ಕೈಗೆ ಕೊಟ್ಟೆ. ಹುಟ್ಟಿದಮೇಲೆ ಮೊದಲ ಸಲ, ಬಂದವರ ಎದುರು ನಾನು ಕೂಗಿ ಹೇಳಿದೆ:

"ಓಡೋಕೆ ಹೋಗಿದಾರಲ್ಲ, ಅವರ ಮಗಳು!"

ಹಿರಿಯರು ತೃಪ್ತಿಯಿಂದ ತಲೆಯಾಡಿಸಿದರು. ಅಪ್ಪ ತುಟಿ ಬಿಗಿಹಿಡಿದು ನಗು ತಡೆಯುತ್ತಿದ್ದರು. ಇಷ್ಟು ದಿನ ನಾವು ಎಲ್ಲೆಲ್ಲೋ ಹುಡುಕಿದ ಎರಡು ಕೆನ್ನೆ, ಪೂರಿಯ ಹಾಗೆ ಉಬ್ಬಿ, ಅಲ್ಲೇ ಇದ್ದವು.