ಹನ್ನೊಂದು ಮನೆಗಳ ಚಾವಿ

ಗಂಡ-ಹೆಂಡತಿ ಇಬ್ಬರಲ್ಲಿ ಒಬ್ಬರು ತರಬೇತಿಗೆ ಹೋಗಿ ಬಂದರೆ ಅದರ ಫಲವನ್ನು ಇನ್ನೊಬ್ಬರು ಉಣ್ಣಬೇಕಾಗುತ್ತದೆ. ಈ ಸತ್ಯ ನನಗೆ ಐವತ್ತು ದಾಟಿದ ಮೇಲೆ ಹೊಳೆಯಿತು. ನಾನು ಭಾಲ್ಕಿಯ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಮಾಸ್ತರ. ನನ್ನ ಹೆಂಡತಿ ಎಸ್ತರ್ ನರ್ಸ್. ಔರಾದ ತಾಲೂಕಿನ ಹಳ್ಳಿಗಳಲ್ಲಿ ಮನೆಮನೆ ತಿರುಗುವ ಕೆಲಸ ಅವಳದು. ಮನೆ ಮಾತ್ರ ಬೀದರಿನಲ್ಲಿ. ಬೆಳಿಗ್ಗೆ ಅವಳು ಔರಾದ ಬಸ್ಸು ಹತ್ತುತ್ತಾಳೆ, ನಾನು ಭಾಲ್ಕಿ ಬಸ್ಸು ಹತ್ತುತ್ತೇನೆ, ಸಂಜೆ ಅಡುಗೆಮನೆಯಲ್ಲಿ ಭೇಟಿಯಾಗುತ್ತೇವೆ. ಇಂಥ ಸಂಸಾರದಲ್ಲಿ ಜಗಳಕ್ಕೂ ಪುರುಸೊತ್ತು ಇರುವುದಿಲ್ಲ. ಹೀಗೆ ಸುಖವಾಗಿದ್ದ ನಮ್ಮ ಮನೆಗೆ ಈ ಸಲ ಮಳೆಗಾಲದ ಕೊನೆಯಲ್ಲಿ 'ಆರೋಗ್ಯ ಉತ್ತೇಜನದ ಮಾದರಿಗಳು ಮತ್ತು ಸಮುದಾಯದ ಮಾನಸಿಕ ನೆಮ್ಮದಿ' ಎಂಬ ಮೂರು ದಿನದ ತರಬೇತಿ ವಕ್ಕರಿಸಿತು. ಹಳ್ಳಿಗೆ ಹೋಗುವ ಮುಂಚೆ ಮನೆಯಲ್ಲಿ ಅಭ್ಯಾಸ ಮಾಡಿಕೊಳ್ಳಿ ಎಂದು ಕೊನೆಯ ದಿನ ಹೇಳಿ ಕಳಿಸಿದ್ದರಂತೆ. ಮಗಳು ಮದುವೆಯಾಗಿ ಹೋಗಿದ್ದಾಳೆ. ಹೀಗಾಗಿ ಮನೆಯಲ್ಲಿ ಸಮುದಾಯ ಅಂತ ಉಳಿದಿದ್ದವನು ನಾನೊಬ್ಬನೇ.

ಸಮುದಾಯವಾಗಿ ಬಾಳುವುದು ನೀವು ತಿಳಿದಷ್ಟು ಸುಲಭವಲ್ಲ. ಸಂಜೆ ಚಪ್ಪಲಿ ಬಿಡುವುದರೊಳಗೆ ಎಸ್ತರ್ ಪೆನ್ನು ಹಿಡಿದು ಎದುರಿಗೆ ಕೂರುವಳು. "ಇವತ್ತು ಮನಸ್ಸು ಹ್ಯಾಂಗದ್ರಿ? ಒಂದರಿಂದ ಐದರಾಗ ಹೇಳ್ರಿ." ನಾನು ಮೂರು ಎನ್ನುತ್ತಿದ್ದೆ. "ಯಾಕ ಮೂರು?" ಚಹಾ ಇನ್ನೂ ಬಂದಿಲ್ಲವಲ್ಲ ಎನ್ನುತ್ತಿದ್ದೆ. ಅವಳು ಅದನ್ನು ಬರೆದುಕೊಳ್ಳುತ್ತಿದ್ದಳೇ ಹೊರತು ಚಹಾಕ್ಕೆ ಎದ್ದು ಹೋಗುತ್ತಿರಲಿಲ್ಲ. ಹಾಗಾಗಿ ಮೂರು ನೋಡುನೋಡುತ್ತಲೇ ಎರಡಾಗುತ್ತಿತ್ತು. ಒಂದು ದಿನ ಬೇಸತ್ತು ಐದು ಎಂದುಬಿಟ್ಟೆ. ಅವಳು ಕನ್ನಡಕ ಸರಿಮಾಡಿಕೊಂಡು ನನ್ನನ್ನೇ ದಿಟ್ಟಿಸಿ, "ಒಳಗಿಂದು ಮುಚ್ಚಿಡೋದೂ ಒಂದು ಲಕ್ಷಣನೇರಿ" ಎಂದಳು. ಅಂದಿನಿಂದ ನಾನು ಎರಡರ ಆಜುಬಾಜಿನಲ್ಲೇ ಉಳಿದೆ.

ಆ ಮಾದರಿಯ ನಕ್ಷೆ ಬಿಡಿಸುವ ಕೆಲಸವೂ ನನ್ನ ಕೊರಳಿಗೇ ಬಿತ್ತು. ನಾಲ್ಕು ಚೌಕ: ತಿಳಿವಳಿಕೆ, ಮನವರಿಕೆ, ನಡವಳಿಕೆ, ನೆಮ್ಮದಿ. ಒಂದರಿಂದ ಒಂದಕ್ಕೆ ಬಾಣ. ಇಪ್ಪತ್ತೈದು ವರ್ಷ ದಾಸವಾಳ, ಮಡಕೆ, ಸೂರ್ಯೋದಯಗಳನ್ನೇ ಬಿಡಿಸಿ ಬಳಲಿದ ಕೈಗೆ ಬಾಣ ಎಂದರೆ ಹಬ್ಬ. ಒಂದೊಂದು ಬಾಣಕ್ಕೂ ನೆರಳು ಕೊಟ್ಟೆ. ನೆಮ್ಮದಿಯ ಚೌಕದಲ್ಲಿ ಜಾಗ ಉಳಿದಿತ್ತು ಅಂತ ಎರಡು ಪಾರಿವಾಳ ಕೂರಿಸಿದೆ. ಮುಗಿದ ಮೇಲೆ ದೂರ ನಿಂತು ನೋಡಿದರೆ, ಇಂಥ ನಕ್ಷೆ ಕಂಡ ಮೇಲೂ ಯಾರಾದರೂ ದುಃಖದಲ್ಲಿದ್ದರೆ ಅದು ಅವರ ಹಟವೇ ಸರಿ ಎನ್ನಿಸಿತು.

ಆದರೆ ಎಸ್ತರ್ ಆ ನಕ್ಷೆ ಮಾಡಿಸಿದ್ದು ಒಬ್ಬಳಿಗಾಗಿ. ಠಾಣಾ ಕುಶನೂರಿನ ಕಸ್ತೂರಿಬಾಯಿ ಎಂಬ ಹೆಂಗಸು ನಾಲ್ಕು ತಿಂಗಳಿಂದ ಮನೆಯ ಹೊಸ್ತಿಲು ದಾಟಿರಲಿಲ್ಲ. ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಜ್ವರ ಬಂದು ನಾಲ್ಕೇ ದಿನದಲ್ಲಿ ತೀರಿಕೊಂಡಿದ್ದಳು. ಇಪ್ಪತ್ತು ವರ್ಷ ಇಬ್ಬರೂ ಒಂದೇ ಒಲೆಯ ಮುಂದೆ, ಒಬ್ಬಳು ತಟ್ಟಿದ ರೊಟ್ಟಿಯನ್ನು ಇನ್ನೊಬ್ಬಳು ಬೇಯಿಸಿದವರು. ಈಗ ಕಸ್ತೂರಿಬಾಯಿಗೆ ಮಾತು ನಿಂತಿತ್ತು, ಊಟ ಅರ್ಧ ರೊಟ್ಟಿಗೆ ಇಳಿದಿತ್ತು. ಬೀದರಿನ ದವಾಖಾನೆಯಲ್ಲಿ ಮಂಗಳವಾರ ಮನಸ್ಸಿನ ಡಾಕ್ಟರು ಸಿಗುತ್ತಾರೆ, ಬಾ ಎಂದು ಎಸ್ತರ್ ನಾಲ್ಕು ಸಲ ಕರೆದಿದ್ದಳು. ನಾಲ್ಕು ಸಲವೂ ಕಸ್ತೂರಿಬಾಯಿ ಗೋಡೆಯ ಕಡೆ ಹೊರಳಿದ್ದಳು. "ಕಣ್ಣಮುಂದ ಕರಗಲಾಕತ್ಯಾಳ್ರಿ. ಹಿಂಗೇ ಬಿಟ್ರ ಉಳಿಯಂಗಿಲ್ಲ" ಎಂದು ಎಸ್ತರ್ ತಟ್ಟೆಯ ಮುಂದೆ ಕೂತು ಹೇಳುವಾಗ ಅವಳ ರೊಟ್ಟಿಯೂ ಅರ್ಧಕ್ಕೇ ನಿಂತಿರುತ್ತಿತ್ತು. ನನಗೂ ಆಗ ಸಂಕಟವಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ದಸರಾ ಸೂಟಿ ಬಿದ್ದ ಮೊದಲ ವಾರ ನಕ್ಷೆಯ ಸುರುಳಿ ಹೊತ್ತು ನಾನೂ ಅವಳ ಜೊತೆ ಹೋದೆ. ಹನುಮಂತ ದೇವರ ಗುಡಿಯ ಕಟ್ಟೆಯ ಮೇಲೆ ಹತ್ತು ಹನ್ನೆರಡು ಹೆಂಗಸರು ಕೂಡಿದರು. ಗುಡಿಯ ಗೋಡೆಗೆ ಮೊಳೆ ಹೊಡೆಯುವಂತಿರಲಿಲ್ಲವಾದ್ದರಿಂದ ನಾನೇ ಎರಡೂ ಕೈ ಎತ್ತಿ ನಕ್ಷೆ ಹಿಡಿದು ಮೊಳೆಯ ಹಾಗೆ ನಿಂತೆ. ಎಸ್ತರ್ ಅರ್ಧ ತಾಸು ಚೆನ್ನಾಗಿಯೇ ಹೇಳಿದಳು. ಆಮೇಲೆ ಮುಂದೆ ಕೂತಿದ್ದ ಗಂಗಮ್ಮ ಎಂಬ ಎತ್ತರದ ದನಿಯ ಹೆಂಗಸು ಕೇಳಿದಳು: "ಸಿಸ್ಟರ್, ಈ ಗೆರಿ ಹಿಡದು ಹೋದ್ರ ಕೊನಿಗಿ ಎಲ್ಲಿ ಮುಟ್ತೇವ್ರಿ?" ನೆಮ್ಮದಿಗೆ ಎಂದಳು ಎಸ್ತರ್. "ಹಂಗಾರ ಈ ವಾರ ಆಗಂಗಿಲ್ರಿ. ಸೋಯಾ ಕೊಯ್ಯೋದದ." ಎಲ್ಲರೂ ನಕ್ಕರು. ಪಾರಿವಾಳಗಳ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ.

ನಗು ನಿಂತ ಮೇಲೆ ಎಸ್ತರ್ ಸೋತ ದನಿಯಲ್ಲಿ, ಕಸ್ತೂರಿಬಾಯಿಗಾದರೂ ಇದನ್ನು ಹೇಗೆ ತಿಳಿಸಿ ಹೇಳಬೇಕು ಎಂದು ಕೇಳಿದಳು. ಗಂಗಮ್ಮ ಸೆರಗು ಸಿಗಿಸಿಕೊಂಡು ಎದ್ದಳು. "ತಿಳಿಸಿ ಹೇಳಬ್ಯಾಡ್ರಿ ಸಿಸ್ಟರ್. ನಾಕು ತಿಂಗಳು ಊರ ಮಂದೆಲ್ಲಾ ಹೇಳ್ಯಾರ. ಖಾಲಿ ಕೈಲೆ ಹೋದ್ರ ಸಮಾಧಾನ ಹೇಳಲಾಕ ಬಂದಾರಂತ ಮಾರಿ ತಿರುಗಸ್ತಾಳ. ಏನರೆ ಕೆಲಸ ಇಟಗೊಂಡು ಹೋಗಬೇಕ್ರಿ. ನಾಳಿಂದ ನಾವೆಲ್ಲಾ ಹೊಲಕ್ಕ ಹೋಗವರು. ಮನಿ ಚಾವಿ ಅಕೀ ಕೈಯಾಗ ಕೊಟ್ಟು ಹೋಗ್ತೇವಿ." ಸುಗ್ಗಿಯಲ್ಲಿ ಓಣಿಯ ಮನೆಗಳಿಗೆಲ್ಲ ಬೀಗ ಬೀಳುವುದು, ಯಾರು ಮನೆಯಲ್ಲಿ ಇರುತ್ತಾರೋ ಅವರ ಹತ್ತಿರ ಚಾವಿ ಇಟ್ಟು ಹೋಗುವುದು ಅಲ್ಲಿಯ ವಾಡಿಕೆ. ಈ ವರ್ಷ ಹಗಲಿಡೀ ಮನೆಯಲ್ಲಿ ಇರುವವಳು ಕಸ್ತೂರಿಬಾಯಿ ಒಬ್ಬಳೇ ಎಂಬುದು ಗಂಗಮ್ಮನ ಲೆಕ್ಕ. ನಾನು ನಕ್ಷೆ ಸುತ್ತಿದೆ. ಇದು ನಾಲ್ಕರಲ್ಲಿ ಯಾವ ಚೌಕಕ್ಕೆ ಸೇರುತ್ತದೆಂದು ಬಸ್ಸಿನಲ್ಲಿ ಎಸ್ತರ್‌ಳನ್ನು ಕೇಳಿದೆ.

ಎಂಟು ದಿನ ಬಿಟ್ಟು ಮತ್ತೆ ಹೋದೆವು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಭಾರೀ ಜಗಳದ ಸದ್ದು. ಗಂಗಮ್ಮ ಕುಡುಗೋಲು ಕಂಕುಳಲ್ಲಿ ಇಟ್ಟುಕೊಂಡು ಕೂಗುತ್ತಿದ್ದಳು: "ಹೊಟ್ಟಿ ಹಸದು ಬಂದೇನಿ, ಕೀಲಿ ತೆಗೀವಲ್ದು! ಯಾರದು ಚಾವಿ ಕೊಟ್ಟೀದಿ ನನಗ?" ಅವಳ ಎದುರಿಗೆ, ತಲೆಗೂದಲು ಕೆದರಿದ, ಬಡಕಲಾದ ಹೆಂಗಸೊಬ್ಬಳು ಅವಳಿಗಿಂತ ಒಂದು ಕೈ ಮೇಲಾಗಿ ಕೂಗುತ್ತಿದ್ದಳು: "ಎಲ್ಲಾರೂ ಚಾವಿಗಿ ದಾರ ಕಟ್ಟಿ ಕೊಟ್ಟಾರ. ನಿಂದಕ್ಕ ದಾರ ಎಲ್ಲದ? ಬೋಳು ಚಾವಿ ಒಗದು ಹೋಗ್ತಿ, ನಮ್ಮ ಮನೀದೂ ಬೋಳೇ ಅದ, ನಾ ಏನ ವಾಸನಿ ನೋಡಿ ಗುರ್ತ ಹಿಡೀಲೇನ?" ಕನ್ನಡ ಸಾಲದೆ ಜಗಳ ಮರಾಠಿಗೆ ದಾಟಿತು. ವಿದ್ಯಾವಂತನಾದ ನಾನು ಸುಮ್ಮನಿರಲಾರದೆ, "ಅಮ್ಮಾ, ಶಾಂತ ಆಗ್ರಿ" ಎಂದು ಕೈ ಎತ್ತಿ ಮುಂದೆ ನುಗ್ಗಿದೆ. ಎಸ್ತರ್ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು. "ಎಲ್ಲಿ ಹೊಂಟ್ರಿ?" ಜಗಳ ಬಿಡಿಸಲಿಕ್ಕೆ ಎಂದೆ. "ಬಿಡಿಸಿದ್ರ ನೋಡ್ರಿ! ಅಕೀ ಕಾಲು ನೋಡ್ರಿ ಮೊದಲು."

ನೋಡಿದೆ. ಕಸ್ತೂರಿಬಾಯಿಯ ಎರಡೂ ಕಾಲು ಹೊಸ್ತಿಲಿನಿಂದ ಆರು ಹೆಜ್ಜೆ ಈಚೆ, ಓಣಿಯ ಮಣ್ಣಿನಲ್ಲಿದ್ದವು. ಅವಳಿಗೆ ಅದರ ಅರಿವೂ ಇರಲಿಲ್ಲ. ಓಣಿಯ ಹೆಂಗಸರೆಲ್ಲ ಬಾಗಿಲಲ್ಲಿ ನಿಂತು ಆ ಬೈಗುಳವನ್ನು ಭಜನೆ ಕೇಳಿದಂತೆ ಕೇಳುತ್ತಿದ್ದರು. ಎಸ್ತರ್‌ಳ ಕೆನ್ನೆ ಒದ್ದೆಯಾಗಿತ್ತು. ಆಮೇಲೆ ನಾನು ಗಂಗಮ್ಮನನ್ನು ಮೆಲ್ಲಗೆ ಕೇಳಿದೆ: ಬೇಕಂತಲೇ ದಾರ ಕಟ್ಟದೆ ಕೊಟ್ಟಿದ್ದಿರೇನು? ಅವಳು ಇನ್ನೂ ಬುಸುಗುಡುತ್ತಿದ್ದಳು. "ಇಲ್ರಿ ಮಾಸ್ತರ. ದಾರ ಕಟ್ಟೋದು ಖರೇನೇ ಮರತಿದ್ದೆ. ಸಿಟ್ಟೂ ಖರೇನೇ ಬಂದಿತ್ತು. ಹಸಿದ ಹೊಟ್ಟಿಗಿ ನಾಟಕ ಮಾಡಲಾಕ ಬರ್ತದೇನ್ರಿ?" ನಾಲ್ಕು ತಿಂಗಳ ಮೇಲೆ ಒಬ್ಬರು ಕಸ್ತೂರಿಬಾಯಿಯ ಮೇಲೆ ನಿಜವಾಗಿ ಸಿಟ್ಟಾಗಿದ್ದರು.

ಮಂಗಳವಾರ ದವಾಖಾನೆಗೆ ಹೋಗೋಣವೇ ಎಂದು ಎಸ್ತರ್ ಐದನೆಯ ಸಲ ಕೇಳಿದಾಗ ಕಸ್ತೂರಿಬಾಯಿ ಗೋಡೆಯ ಕಡೆ ಹೊರಳಲಿಲ್ಲ. ಬಾಗಿಲ ಚೌಕಟ್ಟಿನ ಮೊಳೆಗಳಲ್ಲಿ ತೂಗುತ್ತಿದ್ದ ಚಾವಿಗಳ ಕಡೆ ನೋಡಿ, "ನಾ ಬೀದರಕ ಹೋದ್ರ ಇವು ಯಾರು ನೋಡಬೇಕ್ರಿ?" ಎಂದಳು. ಗಂಗಮ್ಮ ಜೊತೆಗೆ ಹೋಗುವವಳು. ಉಳಿದವರು ಹೊಲಕ್ಕೆ; ಮೋಡ ಬೇರೆ ಹಣಕಿ ಹಾಕುತ್ತಿತ್ತು. ಎಲ್ಲರ ಕಣ್ಣೂ ಒಟ್ಟಿಗೆ ನನ್ನ ಕಡೆ ತಿರುಗಿದವು. "ಮಾಸ್ತರಿಗಿ ಹೆಂಗೂ ಸೂಟಿ ಅದ."

ಹೀಗೆ ಮಂಗಳವಾರ ಬೆಳಿಗ್ಗೆ ಕಸ್ತೂರಿಬಾಯಿ ನನ್ನನ್ನು ನಿಲ್ಲಿಸಿಕೊಂಡು, ಯಾವ ದಾರ ಯಾರ ಮನೆ ಎಂದು ಮೂರು ಸಲ ಒಪ್ಪಿಸಿಕೊಂಡು, ಬಸ್ಸು ಹತ್ತಿದಳು. ನಾನು ಹನ್ನೊಂದು ಮನೆಗಳ ಚಾವಿ ಕಾಯುತ್ತ ಅವಳ ಹೊಸ್ತಿಲ ಮೇಲೆ ಕೂತೆ. ಬೀದರಿನಲ್ಲಿ ಏಳು ವರ್ಷದಿಂದ ಪಕ್ಕದ ಮನೆಯಲ್ಲಿ ಇರುವವರಿಗೆ ನಾವು ಒಂದು ದಿನವೂ ಚಾವಿ ಕೊಟ್ಟವರಲ್ಲ. ಹಾಲಿಗೆ ಹೋದರೂ ಜೇಬಿನಲ್ಲೇ. ಇಲ್ಲಿ ಹನ್ನೊಂದು ಮನೆಯವರು ತಮ್ಮ ಕಾಳು, ಬಟ್ಟೆ, ದೇವರು-ದಿಂಡರನ್ನೆಲ್ಲ, ತಲೆ ನೆಟ್ಟಗಿಲ್ಲ ಎಂದು ತಾವೇ ಮರುಗುತ್ತಿದ್ದ ಹೆಂಗಸಿನ ಕೈಗೆ ಹಾಕಿ ಹಿಂತಿರುಗಿ ನೋಡದೆ ಹೊಲಕ್ಕೆ ಹೋಗಿದ್ದರು. ಎಂಥ ಎದೆಗಾರಿಕೆ ಇದು ಎಂದು ನಾನು ಬೆರಗಾಗಿ ಕೂತುಬಿಟ್ಟೆ. ಎಷ್ಟು ಬೆರಗಾದೆನೆಂದರೆ, ಮಧ್ಯಾಹ್ನ ಓಣಿಯ ಲಕ್ಷ್ಮೀಬಾಯಿ ಹೊಲದಿಂದ ಬಂದಾಗ ಸುಭದ್ರಾಬಾಯಿಯ ಚಾವಿ ಕೊಟ್ಟೆ. ಕುಂಕುಮ ಬಣ್ಣದ ದಾರ ಒಬ್ಬರದು, ಇಟ್ಟಂಗಿ ಬಣ್ಣದ್ದು ಇನ್ನೊಬ್ಬರದು. ಕೆಂಪಿನಲ್ಲಿ ಏಳು ಬಗೆ ಅಂತ ಇಪ್ಪತ್ತೈದು ವರ್ಷ ಪಾಠ ಮಾಡಿದವನು ನಾನು. ಲಕ್ಷ್ಮೀಬಾಯಿ ಪಾಪ, ಬೈಯಲಿಲ್ಲ. ತಾನೇ ಬಂದು ಬದಲಿಸಿಕೊಂಡು ಹೋದಳು. ಮತ್ತೆ ಹೊಲಕ್ಕೆ ಹೋಗುವಾಗ ತನ್ನ ಚಾವಿ ವಾಪಸು ತಂದು ಕೊಟ್ಟಾಗ ನಾನು ಅದನ್ನು ಯಾವುದೋ ಮೊಳೆಗೆ ತೂಗುಹಾಕಿದೆ.

ಹೊತ್ತು ಇಳಿಯುವ ಮುಂಚೆ ಬಸ್ಸು ಬಂತು. ಕಸ್ತೂರಿಬಾಯಿಯ ಕೈಚೀಲದಲ್ಲಿ ಗುಳಿಗೆಗಳಿದ್ದವು. ದವಾಖಾನೆಯ ಮುಂದೆ ಒಂದು ಇಡೀ ಬಾಳೆಹಣ್ಣು ತಿಂದಳು ಎಂದು ಎಸ್ತರ್ ನನ್ನ ಕಿವಿಯಲ್ಲಿ, ಹಬ್ಬದ ಸುದ್ದಿ ಹೇಳುವವಳ ಹಾಗೆ ಹೇಳಿದಳು. ಇನ್ನೂ ಎಷ್ಟೋ ಮಂಗಳವಾರ ಹೋಗಬೇಕಂತೆ, ಡಾಕ್ಟರು ಹೇಳಿದ್ದಾರಂತೆ. ಕಸ್ತೂರಿಬಾಯಿ ಕಾಲು ಕೂಡ ತೊಳೆಯದೆ ನೇರ ಚೌಕಟ್ಟಿನ ಹತ್ತಿರ ಹೋಗಿ ಒಂದೊಂದೇ ಚಾವಿ ಮುಟ್ಟಿ ನೋಡಿದಳು. ಲಕ್ಷ್ಮೀಬಾಯಿಯದರ ಹತ್ತಿರ ಕೈ ನಿಂತಿತು. ಅದನ್ನು ಸರಿಯಾದ ಮೊಳೆಗೆ ಹಾಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಎಸ್ತರ್‌ಳನ್ನು ಪಕ್ಕಕ್ಕೆ ಕರೆದು, ರೋಗಿಯ ಮುಂದೆ ಮಾತಾಡುವಾಗ ದನಿ ತಗ್ಗಿಸುತ್ತಾರಲ್ಲ, ಹಾಗೆ ದನಿ ತಗ್ಗಿಸಿದಳು.

"ಸಿಸ್ಟರ್, ಮಾಸ್ತರ ಮನಸ್ಸು ಎಲ್ಲೋ ಇರ್ತದ್ರಿ. ಸೂಟಿ ಅಂತ ಸುಮ್ನ ಕುಂಡ್ರಸಬ್ಯಾಡ್ರಿ. ದಿನಾ ಏನರೆ ಒಂದು ಕೆಲಸ ಹಚ್ಚರಿ, ಸಣ್ಣದೇ ಇರಲಿ. ತಪ್ಪಿದ್ರ ಬಯ್ರಿ. ಸುಧಾರಸ್ತಾರ."

ಎಸ್ತರ್ ಗಂಭೀರವಾಗಿ ತಲೆಯಾಡಿಸಿದಳು. ಮರುದಿನ ಬೆಳಿಗ್ಗೆಯಿಂದ ಕಸ ಗುಡಿಸುವುದು, ಭಾಂಡೆ ತಿಕ್ಕುವುದು, ಚಹಾ ಕಾಸುವುದು ನನ್ನ ಪಾಲಿಗೆ ಬಂದಿವೆ. ಸೂಟಿ ಮುಗಿದು ಶಾಲೆ ಶುರುವಾಗಿ ತಿಂಗಳಾಯಿತು. ಇಂಥದ್ದನ್ನು ನಡುವೆ ನಿಲ್ಲಿಸಬಾರದಂತೆ.